ಅವ್ವನ ಹೆರಳು ಹಾಕಿದವಳು

ದೆವ್ವ ಕಂಡಿತು, ಹಿರಿಯರು ಕನಸಿನಲ್ಲಿ ಬಂದು ಮಾತಾಡಿದರು ಎಂದು ಯಾರಾದರೂ ಶುರು ಮಾಡಿದರೆ ನಾನು ಎದ್ದು ಚಹಾ ಇಡಲು ಹೋಗಿಬಿಡುತ್ತಿದ್ದೆ. ಹೇಳುವವರ ಜೊತೆ ವಾದ ಮಾಡುವುದು ನನ್ನ ಸ್ವಭಾವವಲ್ಲ. ಒಳಗೆ ನಿಂತು ನಗುತ್ತಿದ್ದೆ, ಅಷ್ಟೆ. ಪುಣೆಯ ಒಂದು ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ನನ್ನ ಅರ್ಧ ಆಯುಷ್ಯ ಕಳೆದಿದೆ. ಗಾಜಿನ ಕೆಳಗೆ ಕಂಡದ್ದು ಉಂಟು, ಕಾಣದ್ದು ಇಲ್ಲ. ಸಂಶಯ ಬಂದರೆ ಇನ್ನೊಮ್ಮೆ ನೋಡು. ನಾನು ಕಲಿತದ್ದು ಇಷ್ಟೇ, ಹೊಸದಾಗಿ ಬಂದ ಹುಡುಗಿಯರಿಗೆ ಕಲಿಸಿದ್ದೂ ಇಷ್ಟೇ.

ಈಗ ಹೇಳಹೊರಟಿರುವುದರ ತೊಂದರೆ ಏನೆಂದರೆ, ಅದನ್ನು ನಾನು ಕಣ್ಣಾರೆ ನೋಡಿದ್ದೇನೆ. ಇನ್ನೊಮ್ಮೆ ನೋಡುವುದು ಮಾತ್ರ ಆಗಲಿಲ್ಲ. ನೀವು ನಂಬಲೇಬೇಕು ಎಂದು ನನ್ನ ಒತ್ತಾಯವಿಲ್ಲ. ಬೇರೆಯವರು ಹೇಳಿದ್ದರೆ ನಾನೇ ನಂಬುತ್ತಿರಲಿಲ್ಲ.

ಮೊದಲು ನನ್ನ ಅವ್ವನ ವಿಷಯ ಹೇಳಬೇಕು. ನಮ್ಮ ಊರು ವಿಜಯಪುರ. ನಾನು ಇನ್ನೂ ಶಾಲೆಗೆ ಸೇರದ ವಯಸ್ಸಿನಲ್ಲಿ ಒಂದು ದಿನ ನನಗೆ ಹೊಸ ಲಂಗ ತೊಡಿಸಿ ಸೊಲ್ಲಾಪುರದ ಬಸ್ಸು ಹತ್ತಿಸಿದರು. ಅಲ್ಲಿ ನನ್ನ ಸೋದರತ್ತೆ ಇದ್ದಳು. ಅವಳಿಗೆ ಮಕ್ಕಳಿರಲಿಲ್ಲ. ನಾಲ್ಕು ದಿನ ಇದ್ದು ಬರುವುದು ಎಂದುಕೊಂಡು ಹೋದವಳು ಮದುವೆಯಾಗುವವರೆಗೂ ಅಲ್ಲೇ ಉಳಿದೆ. ಅತ್ತೆ ಕೆಟ್ಟವಳಲ್ಲ. ಓದಿಸಿದಳು, ಒಳ್ಳೆಯ ಮನೆ ನೋಡಿ ಮದುವೆ ಮಾಡಿಕೊಟ್ಟಳು. ನಾನು ಹೋದ ಮೇಲೆ ನನ್ನ ತಮ್ಮ ಬಸು ಹುಟ್ಟಿದ. ಅವನು ಅವ್ವನ ಹತ್ತಿರವೇ ಬೆಳೆದ.

ರಜೆಗೆ ಊರಿಗೆ ಹೋದಾಗ ಅವ್ವ ನನ್ನನ್ನು ಬಲು ಚೆನ್ನಾಗಿ ನೋಡಿಕೊಳ್ಳುತ್ತಿದ್ದಳು. ಅದೇ ನನ್ನ ಸಂಕಟ. ಮುಖ ಒರೆಸಿಕೊಳ್ಳಲು ಟ್ರಂಕಿನಿಂದ ಹೊಸ ಟವೆಲು ತೆಗೆದುಕೊಡುತ್ತಿದ್ದಳು. ಬಸು ಮಾತ್ರ ಅವ್ವನ ಸೆರಗನ್ನೇ ಎಳೆದು ಮುಖ ಒರೆಸಿಕೊಂಡು ಓಡುತ್ತಿದ್ದ. ಅವಳು ಅವನ ಬೆನ್ನಿಗೆ ಒಂದು ಗುದ್ದು ಹಾಕುತ್ತಿದ್ದಳು. ಆ ಗುದ್ದಿನ ಮೇಲೆ ನನಗೆ ಎಂಥ ಹೊಟ್ಟೆಕಿಚ್ಚು! ನನ್ನನ್ನು ಅವಳು ಒಮ್ಮೆಯೂ ಹೊಡೆಯಲಿಲ್ಲ. ನೆಂಟರ ಮಕ್ಕಳನ್ನು ಯಾರು ಹೊಡೆಯುತ್ತಾರೆ?

ನಮ್ಮ ಓಣಿಯಲ್ಲಿ ಅವ್ವನ ಕೈಯ ಹೆರಳು ಹೆಸರುವಾಸಿ. ಎಲ್ಲರೂ ಹಾಕುವ ಮೂರೆಳೆಯ ಹೆರಳಲ್ಲ, ನಾಲ್ಕೆಳೆಯದು. ಒತ್ತಾಗಿ, ಹಗ್ಗ ಹೊಸೆದ ಹಾಗೆ ಬರುತ್ತಿತ್ತು. ಬೆಳಗಾದರೆ ಅಕ್ಕಪಕ್ಕದ ಹುಡುಗಿಯರು ಎಣ್ಣೆ ಬಾಚಣಿಗೆ ಹಿಡಿದು ನಮ್ಮ ಕಟ್ಟೆಗೆ ಬಂದು ಕೂಡುತ್ತಿದ್ದರು. ಅತ್ತೆಗೆ ನೌಕರಿ ಇತ್ತು, ತಲೆ ಬಾಚುತ್ತ ಕೂಡಲು ಪುರುಸೊತ್ತು ಇರಲಿಲ್ಲ, ನನ್ನ ಕೂದಲನ್ನು ಹುಡುಗರ ಹಾಗೆ ಕತ್ತರಿಸಿಬಿಟ್ಟಿದ್ದಳು. ನಾನು ಬಾಗಿಲ ಸಂದಿಯಲ್ಲಿ ನಿಂತು ಆ ಹುಡುಗಿಯರ ಹಿಂದಲೆಯನ್ನು ನೋಡುತ್ತಿದ್ದೆ. ಒಬ್ಬೊಬ್ಬಳ ಕೂದಲು ಹಿಡಿದು ಎಳೆದುಬಿಡಬೇಕು ಅನ್ನಿಸುತ್ತಿತ್ತು.

ನನ್ನನ್ನು ಯಾಕೆ ಕೊಟ್ಟೆ ಎಂದು ಅವ್ವನನ್ನು ನಾನು ಕೇಳಲಿಲ್ಲ. ಚಿಕ್ಕವಳಿದ್ದಾಗ ಕೇಳಲು ಬಾಯಿ ಬರಲಿಲ್ಲ, ದೊಡ್ಡವಳಾದ ಮೇಲೆ ಕೇಳಲು ನಾಚಿಕೆ. ಅವಳೂ ಹೇಳಲಿಲ್ಲ. ಅಪ್ಪ ತೀರಿಕೊಂಡರು, ಅತ್ತೆಯೂ ಹೋದಳು. ಹೇಳಬಲ್ಲವರು ಎಂದರೆ ಅವ್ವ ಒಬ್ಬಳೇ ಉಳಿದಳು.

ಕೆಲವು ವರ್ಷಗಳ ಹಿಂದೆ ಅವ್ವನ ಕಣ್ಣಿಗೆ ಪೊರೆ ಬಂತು. ಪುಣೆಯಲ್ಲೇ ತೆಗೆಸೋಣ ಎಂದು ಅವಳನ್ನು ನಮ್ಮ ಮನೆಗೆ ಕರೆತಂದೆವು. ಎರಡೂ ಕಣ್ಣಿನ ಆಪರೇಷನ್ ಚೆನ್ನಾಗಿ ಆಯಿತು. ಸ್ವಲ್ಪ ದಿನ ಕಳೆದ ಮೇಲೆ ಅವ್ವ ತಾನೇ ಸೂಜಿಗೆ ದಾರ ಪೋಣಿಸಿ ನನ್ನ ಗಂಡನ ಅಂಗಿಗೆ ಗುಂಡಿ ಹಚ್ಚಿಕೊಟ್ಟಳು. ಇದನ್ನು ಯಾಕೆ ಹೇಳುತ್ತೇನೆಂದರೆ, ಮುಂದೆ ನಡೆದದ್ದನ್ನು ಕೇಳಿದವರೆಲ್ಲ ಮೊದಲು ಅನ್ನುವ ಮಾತು, "ಮುದುಕಿಗೆ ಕಣ್ಣು ಸರಿಯಾಗಿ ಕಂಡಿರಲಿಕ್ಕಿಲ್ಲ" ಎಂದು. ಅವಳಿಗೆ ನನಗಿಂತ ಚೆನ್ನಾಗಿ ಕಾಣುತ್ತಿತ್ತು.

ನಮ್ಮಲ್ಲಿ ಇದ್ದಷ್ಟು ದಿನವೂ ಅವ್ವನ ಬಾಯಲ್ಲಿ ಬಸುವಿನ ಹೆಂಡತಿಯದೇ ಮಾತು. "ನಮ್ಮ ಸುನಂದಾ ಹಿಂಗ ಮಾಡತಾಳ, ನಮ್ಮ ಸುನಂದಾನ ಕೈ ಭಾಳ ರುಚಿ." ಅವಳು "ನಮ್ಮ" ಸುನಂದಾ. ನನ್ನ ಮನೆ ಮಾತ್ರ "ನಿಮ್ಮ" ಮನೆ. ನಾನು ರೊಟ್ಟಿ ತಟ್ಟುತ್ತ ಕೇಳಿಸಿಕೊಳ್ಳುತ್ತಿದ್ದೆ. ನನ್ನ ರೊಟ್ಟಿಗಳು ಹರಿಯುತ್ತಿದ್ದವು.

ಊರಿಗೆ ಹೋಗುವ ಮೊದಲು ಏನಾದರೂ ನೋಡಬೇಕೇನವ್ವ ಎಂದು ಕೇಳಿದೆ. ದೇವಸ್ಥಾನ ಅನ್ನುತ್ತಾಳೆ ಎಂದುಕೊಂಡಿದ್ದೆ.

"ನಮ್ಮ ಊರಾಗ ಸತ್ತವರ ಗುಮ್ಮಟ ನೋಡಿ ನೋಡಿ ಸಾಕಾಗೇದ," ಎಂದಳು ಅವ್ವ. "ರಾಜರು ಬದುಕಿದ್ದ ಮನಿ ಒಂದಾರ ತೋರಸು."

ಭೋರ್‌ನಲ್ಲಿ ಹಳೆಯ ಸಂಸ್ಥಾನದ ಅರಮನೆ ಇದೆ. ನಮ್ಮ ಮನೆಯವರ ಗೆಳೆಯರೊಬ್ಬರು ಆ ಊರಿನವರು. ಅವರು ಮಾತಾಡಿ ಒಳಗೆ ನೋಡಲು ಅನುಮತಿ ಕೊಡಿಸಿದರು. ಚಳಿಗಾಲದ ಒಂದು ಭಾನುವಾರ ಬೆಳಿಗ್ಗೆ ಮೂವರೂ ಕಾರಿನಲ್ಲಿ ಹೊರಟೆವು. ಕಾತ್ರಜ್ ಘಾಟ್ ದಾಟಿ, ಹೆದ್ದಾರಿ ಬಿಟ್ಟು ಒಳಗಿನ ರಸ್ತೆಗೆ ತಿರುಗಿದ ಮೇಲೆ ಗುಡ್ಡಗಳು ಹತ್ತಿರ ಬಂದವು. ಅವ್ವ ಅಂಗಡಿ ಬೋರ್ಡುಗಳ ಮರಾಠಿಯನ್ನು ಅಕ್ಷರ ಕೂಡಿಸಿ ಓದುತ್ತ ಖುಷಿಯಾಗಿದ್ದಳು.

ಅರಮನೆಯ ಚೌಕಗಳು, ಕಟ್ಟಿಗೆಯ ಕಂಬಗಳು ಅವಳಿಗೆ ಬಹಳ ಹಿಡಿಸಿದವು. ಒಂದು ಕಂಬವನ್ನು ತಟ್ಟಿ, "ಇಷ್ಟ ದೊಡ್ಡ ಮನ್ಯಾಗ ಕೂಸು ಅತ್ತರ ಯಾರಿಗೆ ಕೇಳಸತಿತ್ತೋ ಏನೋ" ಎಂದಳು. ಕಾವಲಿನವನ ಹೆಂಡತಿ ಅಂಗಳದಲ್ಲಿ ಮೊಮ್ಮಗಳಿಗೆ ಅನ್ನ ತಿನ್ನಿಸುತ್ತಿದ್ದಳು. ಅವ್ವ ತನಗೆ ಬರುವ ಹರಕು ಮರಾಠಿಯಲ್ಲಿ ಅವಳ ಜೊತೆ ಮಾತಿಗಿಳಿದು, ಕೂಸನ್ನು ಎತ್ತಿ ತೊಡೆಯ ಮೇಲೆ ಕೂರಿಸಿಕೊಂಡು, ಅದರ ಬಾಯಿಯನ್ನು ತನ್ನ ಸೆರಗಿನಿಂದ ಒರೆಸಿದಳು. ಐವತ್ತು ದಾಟಿದ ನಾನು ಗುರುತಿಲ್ಲದ ಒಂದು ಕೂಸಿನ ಮೇಲೆ ಹೊಟ್ಟೆ ಉರಿದುಕೊಂಡು ಕಂಬದ ಪಕ್ಕ ನಿಂತಿದ್ದೆ.

ಊರ ಆಚೆ ಹೊಳೆಯ ದಂಡೆಗೆ ಅದೇ ಮನೆತನದವರ ತೋಟ ಇದೆ, ಅದರೊಳಗೆ ಬೇಸಿಗೆಯಲ್ಲಿ ಹೆಂಗಸರು ಬಂದು ಇರುತ್ತಿದ್ದ ಚಿಕ್ಕ ವಾಡೆ ಇದೆ ಎಂದು ಆ ಹೆಂಗಸೇ ಹೇಳಿದಳು. ಊಟ ಮುಗಿಸಿ ಅಲ್ಲಿಗೆ ಹೋದೆವು. ತೋಟ ನೋಡಿಕೊಳ್ಳುವ ವಯಸ್ಸಾದ ಮಾಳಿಯೊಬ್ಬ ಗೇಟು ತೆಗೆದು, ನಾವು ಒಳಗೆ ಬಂದ ಮೇಲೆ ದನ ನುಗ್ಗುತ್ತವೆ ಎಂದು ಮತ್ತೆ ಚಿಲಕ ಹಾಕಿದ. ತೋಟದಲ್ಲಿ ಈಗ ಹೂವು ಕಡಿಮೆ. ಒಣಗಿದ ಕಾರಂಜಿ, ಹಳೆಯ ಮಾವಿನ ಮರಗಳು, ಒಂದು ದೊಡ್ಡ ಸಂಪಿಗೆ ಮರ, ಅದರ ಬುಡದಲ್ಲಿ ಕಲ್ಲಿನ ಕಟ್ಟೆ. ಅವ್ವನ ಮೊಣಕಾಲು ಮೆಟ್ಟಿಲಿಗೆ ಒಗ್ಗುವುದಿಲ್ಲ. "ನೀವು ನೋಡಿ ಬರ್ರಿ, ನಾ ಇಲ್ಲೇ ಕೂಡತೀನಿ" ಎಂದು ಕಟ್ಟೆಯ ಮೇಲೆ ಕೂತಳು.

ನಾನು, ನಮ್ಮ ಮನೆಯವರು, ಮಾಳಿ ಮೂವರೂ ವಾಡೆಯ ಒಳಗೆ ಹೋದೆವು. ಕೆಳಗೆಲ್ಲ ಕತ್ತಲು, ಬಾವಲಿಗಳ ವಾಸನೆ. ಮಹಡಿಯ ಮೇಲೆ ಬೆಳಕಿನ ಒಂದು ಉದ್ದನೆಯ ಕೋಣೆ, ತೋಟದ ಕಡೆಗೆ ಸಾಲಾಗಿ ಕಟ್ಟಿಗೆಯ ಕಿಟಕಿಗಳು. ಹೆಂಗಸರು ಇಲ್ಲಿ ಕೂತು ಕೆಳಗೆ ನೋಡುತ್ತಿದ್ದರು ಎಂದು ಮಾಳಿ ಹೇಳಿದ. ಅವನ ಜೊತೆ ನಮ್ಮ ಮನೆಯವರು ತೊಲೆಗಳ ವಿಷಯ ಮಾತಾಡುತ್ತಿದ್ದರು. ನಾನು ಒಂದು ಕಿಟಕಿಗೆ ಹೋಗಿ ಹೊರಗೆ ನೋಡಿದೆ.

ಸಂಪಿಗೆ ಮರದ ಕೆಳಗೆ ಅವ್ವ ಕೂತಿದ್ದಳು. ಅವಳ ಹಿಂದೆ ಕಟ್ಟೆಯ ಮೇಲೆ ಒಬ್ಬ ಹೆಂಗಸು ನನ್ನ ಕಡೆ ಓರೆಯಾಗಿ ಬೆನ್ನು ಮಾಡಿ ಕೂತು ಅವ್ವನ ತಲೆ ಬಾಚುತ್ತಿದ್ದಳು.

ಅವ್ವ ತುರುಬು ಬಿಚ್ಚಿದ್ದನ್ನು ನಾನು ಅಲ್ಲಿಯವರೆಗೆ ಕಂಡವಳಲ್ಲ. ಕಣ್ಣಿನ ಆಪರೇಷನ್ ಆದಾಗ ತಲೆ ಬಾಚಿಕೊಡುತ್ತೇನೆ ಎಂದರೂ ಬೇಡ ಎಂದು, ಬಚ್ಚಲ ಬಾಗಿಲು ಹಾಕಿಕೊಂಡು ತಾನೇ ಬಾಚಿಕೊಂಡು ಬಂದಿದ್ದಳು. ಈಗ ಬಿಳಿಯ ಕೂದಲನ್ನು ಬೆನ್ನ ಮೇಲೆ ಬಿಟ್ಟುಕೊಂಡು ತಲೆಯನ್ನು ಹಿಂದಕ್ಕೆ ಒಪ್ಪಿಸಿ ಕೂತಿದ್ದಳು. ಏನೋ ಹೇಳುತ್ತಿದ್ದಳು. ಕೈಯಾಡಿಸಿ, ತಡೆದು ತಡೆದು, ಬಹಳ ಹೊತ್ತು. ಆ ಹೆಂಗಸು ಕೆಲಸ ನಿಲ್ಲಿಸದೆ ಕೇಳುತ್ತಿದ್ದಳು. ಆಮೇಲೆ ಅವಳೂ ಏನೋ ಹೇಳಿದ ಹಾಗಿತ್ತು, ಅವ್ವ ಅಳುತ್ತಿರುವುದು ನನಗೆ ತಿಳಿಯಿತು. ಆ ಹೆಂಗಸು ಮುಂದಕ್ಕೆ ಬಾಗಿ ತನ್ನ ಹಳದಿ ಸೀರೆಯ ಸೆರಗಿನಿಂದ ಅವ್ವನ ಮುಖ ಒರೆಸಿ ಏನೋ ಒಂದು ಮಾತು ಅಂದಳು. ಒಂದೇ ಮಾತು. ಅವ್ವ ನಕ್ಕಳು. ಗಟ್ಟಿಯಾಗಿ, ಬಾಯಿ ತೆರೆದು ನಕ್ಕಳು. ನಗುವಿನ ದನಿ ಮೇಲಿನವರೆಗೂ ಬಂತು.

ನನಗೆ ಆಗ ಹೆದರಿಕೆ ಆಗಲಿಲ್ಲ. ವಿಚಿತ್ರ ಅನ್ನಿಸಲೂ ಇಲ್ಲ. ಯಾರೋ ಊರ ಹೆಂಗಸು, ಅವ್ವ ಸಿಕ್ಕಸಿಕ್ಕವರ ಜೊತೆ ಮಾತಾಡುವವಳು. ಆದ ಸಂಕಟ ಬೇರೆ. ಇಷ್ಟು ವರ್ಷ ನನಗೆ ಕೊಡದ್ದನ್ನು ಅವಳು ದಾರಿಹೋಕರಿಗೆ ಕೊಟ್ಟು ಕೂತಿದ್ದಾಳೆ!

ನಮ್ಮ ಮನೆಯವರು ಪಕ್ಕಕ್ಕೆ ಬಂದು ನಿಂತರು. ಅವರೂ ನೋಡಿದರು, ಇದನ್ನು ಒತ್ತಿ ಹೇಳುತ್ತೇನೆ.

"ಯಾರ ಜೋಡಿ ಮಾತಾಡಾಕತ್ತಾರ ಅತ್ತಿ?" ಎಂದವರು ಕಿಟಕಿಯಿಂದ ಬಾಗಿ, "ನೋಡ, ಥೇಟ್ ನಿನ್ನ ಹಂಗ ಕುಂತಾಳ, ಒಂದ ಕಾಲ ಮಡಚಿ" ಎಂದರು.

ನಾನು ಮೆಟ್ಟಿಲಿಳಿದೆ. ಕತ್ತಲ ಕೋಣೆಗಳಲ್ಲಿ ದಾರಿ ತಪ್ಪಿ, ಗೋಡೆ ಸವರಿಕೊಂಡು ಬಾಗಿಲು ಹುಡುಕಿ ಹೊರಗೆ ಬಂದೆ. ಕಟ್ಟೆಯ ಮೇಲೆ ಅವ್ವ ಒಬ್ಬಳೇ ಇದ್ದಳು. ತುರುಬು ಇರಲಿಲ್ಲ. ಬೆನ್ನ ಮೇಲೆ ಸಣ್ಣದೊಂದು ಬಿಳಿಯ ಹೆರಳು ಬಿದ್ದಿತ್ತು. ನಾಲ್ಕೆಳೆಯದು.

ಅವ್ವ ನನ್ನ ಕೈಗಳನ್ನು ನೋಡಿದಳು.

"ನೀರ ತರತೀನಿ ಅಂತ ಹೋದಾಕಿ ಖಾಲಿ ಕೈಲೆ ಬಂದೇನ?"

ನಾನು ಕಟ್ಟೆಯ ಸುತ್ತ ನೋಡಿದೆ.

"ಮಾರಿ ಯಾಕ ಹಂಗ ಮಾಡೀದಿ? ಈಗರ ನಕ್ಕೋತ ಹೋದಿ."

"ಅವ್ವ, ಯಾರಾಕಿ?"

"ಯಾಕಿ?"

"ನಿನ್ನ ಹೆರಳ ಹಾಕಿದಾಕಿ."

ಅವ್ವ ನಕ್ಕಳು. ನಾನು ಚೇಷ್ಟೆ ಮಾಡುತ್ತಿದ್ದೇನೆ ಎಂದುಕೊಂಡಳು. "ನಾಕೆಳಿ ಹಾಕೂದು ಯಾವಾಗ ಕಲತಿ? ನಾ ಕಲಿಸಿದ್ದ ಇಲ್ಲ ನಿನಗ" ಎಂದು ಹೆರಳನ್ನು ಮುಂದಕ್ಕೆ ತಂದು ಬೆರಳಾಡಿಸಿದಳು.

"ನಾ ಮ್ಯಾಲಿದ್ದೆ ಅವ್ವ. ಅಕಿ ಹಳದಿ ಸೀರಿ ಉಟ್ಟಿದ್ಲು. ನಾ ಡ್ರೆಸ್ ಹಾಕ್ಕೊಂಡೀನಿ, ನೋಡಿಲ್ಲಿ."

ಅವ್ವ ನನ್ನ ಬಟ್ಟೆ ನೋಡಿದಳು, ಆಮೇಲೆ ಮುಖ ನೋಡಿದಳು. "ನಾ ಬಟ್ಟಿ ನೋಡಲಿಲ್ಲ," ಎಂದಳು. "ಮಾರಿ ನೋಡೀನಿ. ನನ್ನ ಮಗಳ ಮಾರಿ ನನಗ ಗೊತ್ತಾಗಂಗಿಲ್ಲೇನ?"

ಅಷ್ಟರಲ್ಲಿ ನಮ್ಮ ಮನೆಯವರೂ ಮಾಳಿಯೂ ಬಂದರು. ಗೇಟಿಗೆ ಚಿಲಕ ಹಾಗೇ ಇತ್ತು. ಆದರೆ ತೋಟದ ಹಿಂದಿನ ಗೋಡೆ ಒಂದು ಕಡೆ ಬಿದ್ದಿದೆ. ಅಲ್ಲಿಂದ ಹೊಳೆಗೆ ಕಾಲುದಾರಿ ಇದೆ. ನಾನು ಓಡಿದೆ ಎಂದೇ ಹೇಳಬೇಕು. ಹೊಳೆಯಲ್ಲಿ ಕೆಲವು ಹೆಂಗಸರು ಬಟ್ಟೆ ಒಗೆಯುತ್ತಿದ್ದರು. ಹಳದಿ ಸೀರೆಯವಳು ಈ ಕಡೆ ಬಂದಳೇ ಎಂದು ಮರಾಠಿಯಲ್ಲಿ ಕೇಳಿದೆ. ಯಾರೂ ಬಂದಿಲ್ಲ ಎಂದರು. ಹಿಡಿದು ಏನು ಮಾಡುತ್ತಿದ್ದೆ ಎಂದು ನೀವು ಕೇಳಬಹುದು. ನನಗೂ ಗೊತ್ತಿಲ್ಲ. ಅವಳ ಮುಖ ನೋಡುವುದಕ್ಕಿಂತ ಹೆಚ್ಚಾಗಿ, ಅವ್ವ ಹೇಳಿದ್ದನ್ನು ಅವಳಿಂದ ಕಿತ್ತುಕೊಳ್ಳಬೇಕಾಗಿತ್ತು.

ವಾಪಸು ಬರುವಾಗ ಅವ್ವ ಕಾರಿನ ಹಿಂದಿನ ಸೀಟಿನಲ್ಲಿ ನನ್ನ ಕೈ ಹಿಡಿದುಕೊಂಡು ನಿದ್ದೆ ಹೋದಳು. ನನಗೆ ನೆನಪಿರುವ ಹಾಗೆ ಅದೇ ಮೊದಲು. ಎಷ್ಟು ವರ್ಷ ಕಾದ ಕೈ! ಆದರೆ ಅದನ್ನು ಅವಳು ಹಿಡಿದದ್ದು ಇನ್ನೊಬ್ಬಳ ಕೈ ಎಂದುಕೊಂಡು. ಬಿಡಿಸಿಕೊಳ್ಳಲೂ ಮನಸ್ಸಾಗಲಿಲ್ಲ, ಹಿಡಿದುಕೊಳ್ಳಲೂ ಆಗಲಿಲ್ಲ. ಕಾತ್ರಜ್ ಬರುವವರೆಗೂ ಕೈ ಬೆವರುತ್ತ ಹಾಗೇ ಇತ್ತು.

ಮರುದಿನ ಅವ್ವ ಒಬ್ಬಳೇ ಇದ್ದಾಗ ಹತ್ತಿರ ಹೋಗಿ ಕೂತೆ. ನಿನ್ನೆ ಏನು ಹೇಳಿದೆ, ಇನ್ನೊಮ್ಮೆ ಹೇಳು ಎಂದೆ.

ಅವ್ವನ ಮುಖ ಗಂಭೀರವಾಯಿತು. "ಯಾಕ ಕೊಟ್ಟಿ ಅಂತ ನೀ ಕೇಳಿದಿ. ನಾ ಹೇಳೀನಿ. ನಿಮ್ಮಪ್ಪಗೂ ಅನ್ನಲಾರದ್ದು ನಿನ್ನ ಮುಂದ ಅಂದೀನಿ. ಜೀವ ಹೋಗಿ ಬಂದಂಗ ಆತು. ಮತ್ತ ಹೇಳು ಅನಬ್ಯಾಡವ್ವ."

"ನನಗ ಸರಿಯಾಗಿ ಕೇಳಸಲಿಲ್ಲ," ಎಂದು ಸುಳ್ಳು ಹೇಳಿದೆ.

"ಕೇಳಸಿತ್ತು. ಕೇಳಸಿದ್ದಕ್ಕ ನೀನೂ ನಿಂದ ಹೇಳಿದಿ. ಅತ್ತಿ ಮನ್ಯಾಗ ನನ್ನ ಹಳೇ ಕುಬಸ ದಿಂಬಿನ ಬುಡಕ ಇಟಗೊಂಡು ಮಲಗತಿದ್ದಿ ಅಂತ ಹೇಳಿದ್ಯಲ್ಲ. ಅದನ್ನ ಕೇಳಿ ನನಗ ಅಳೂ ತಡೀಲಿಲ್ಲ."

ಅದು ನಿಜ. ಒಂದು ರಜೆಯಲ್ಲಿ ಅವ್ವನ ಹರಿದ ರವಿಕೆಯನ್ನು ಚೀಲದಲ್ಲಿ ಅಡಗಿಸಿ ತಂದು, ಬಹಳ ವರ್ಷ ದಿಂಬಿನ ಕೆಳಗೆ ಇಟ್ಟುಕೊಂಡಿದ್ದೆ. ಅತ್ತೆಗೆ ತಿಳಿಯದ ಹಾಗೆ ಹಗಲು ಅದನ್ನು ಪುಸ್ತಕಗಳ ಹಿಂದೆ ಇಡುತ್ತಿದ್ದೆ. ಆವತ್ತಿನವರೆಗೆ ಯಾರಿಗೂ ಹೇಳಿರಲಿಲ್ಲ, ಗಂಡನಿಗೂ ಇಲ್ಲ.

ಅವ್ವ ನನ್ನ ಗದ್ದ ಹಿಡಿದು ತನ್ನ ಕಡೆ ತಿರುಗಿಸಿಕೊಂಡಳು. "ಎಲ್ಲಾ ಕೇಳಿ ನೀ ಒಂದ ಮಾತ ಅಂದಿ. 'ಇರಲಿ ಬಿಡವ್ವ' ಅಂದಿ. ಮನಸಿಲೆ ಅಂದಿ ಹೌದಿಲ್ಲೋ?"

ನಾನು ಅಂದಿರಲಿಲ್ಲ. ಅನ್ನುವುದಕ್ಕೆ ನನಗೆ ಸಾಧ್ಯವೂ ಇರಲಿಲ್ಲ. ಇಷ್ಟು ವರ್ಷ ಒಳಗೆ ಕಟ್ಟಿಟ್ಟದ್ದನ್ನು ಯಾವಳೋ ನನ್ನ ಮುಖ ಹೊತ್ತು ಬಂದು, ನನ್ನ ಹೆಸರಿನಲ್ಲಿ, ಒಂದೇ ಮಾತಿನಲ್ಲಿ ಬಿಟ್ಟುಕೊಟ್ಟು ಹೋಗಿದ್ದಳು. ಕಾರಣ ಕೇಳಿದವಳು ಅವಳು, ಅವ್ವನ ಅಳು ನಗು ಸಿಕ್ಕಿದ್ದು ಅವಳಿಗೆ, ಕ್ಷಮಿಸಿದ ಹೆಚ್ಚುಗಾರಿಕೆಯೂ ಅವಳದೇ. ಅದು ನಾನಲ್ಲ ಎಂದು ಕೂಗಿ ಹೇಳಬೇಕು ಎನ್ನಿಸಿತು. ಬಾಯಿ ತೆರೆದೆ ಕೂಡ. ಅವ್ವ ಹೊಸ ಕಣ್ಣುಗಳಿಂದ ನನ್ನನ್ನೇ ನೋಡುತ್ತಿದ್ದಳು. ಅವಳ ಬೆರಳು ಇನ್ನೂ ನನ್ನ ಗದ್ದದ ಮೇಲಿತ್ತು.

"ಹೌದವ್ವ," ಎಂದೆ.

ಅವ್ವ ಊರಿಗೆ ಹೋದಳು. ಈಗಲೂ ಗಟ್ಟಿಯಾಗಿದ್ದಾಳೆ. ಆವತ್ತಿನಿಂದ ಅವಳ ದನಿಯೇ ಬೇರೆ. ಫೋನಿನಲ್ಲಿ ಬೈಯುತ್ತಾಳೆ, ಸೊಸೆಯ ಮೇಲೆ ಚಾಡಿ ಹೇಳುತ್ತಾಳೆ, ಕಳೆದ ಸಲ ಊರಿಗೆ ಹೋದಾಗ ಟ್ರಂಕು ತೆಗೆಯಲಿಲ್ಲ, ಹಗ್ಗದ ಮೇಲಿನ ಹಸಿ ಟವೆಲನ್ನೇ ನನ್ನ ಕಡೆ ಎಸೆದಳು. ಯಾರೇ ಆದರೂ ಸಂತೋಷಪಡಬೇಕಾದದ್ದು. ನಾನೂ ಪಡುತ್ತೇನೆ. ಆದರೆ ಪ್ರತಿ ಸಲವೂ ಇದು ಬೇರೆಯವಳು ಗಳಿಸಿದ್ದು, ನಾನು ತಿನ್ನುತ್ತಿದ್ದೇನೆ ಅನ್ನಿಸುತ್ತದೆ. ನನ್ನನ್ನು ಯಾಕೆ ಕೊಟ್ಟರು ಎನ್ನುವುದು ನನಗೆ ಇವತ್ತಿಗೂ ಗೊತ್ತಿಲ್ಲ. ಆ ಹಳದಿ ಸೀರೆಯವಳಿಗೆ ಗೊತ್ತು.

ನಮ್ಮ ಮನೆಯವರು ಯಾರೋ ಹುಚ್ಚಿ ಇರಬೇಕು ಅನ್ನುತ್ತಾರೆ. ಕುಬಸದ ವಿಷಯ ಹೇಳಿದರೆ ಪೇಪರು ಬಿಡಿಸಿ ಕೂಡುತ್ತಾರೆ. ನಾನೂ ಬೇಕಾದಷ್ಟು ಯೋಚಿಸಿದ್ದೇನೆ. ಅವ್ವನಿಗೆ ಭ್ರಮೆ ಎನ್ನೋಣವೆಂದರೆ ನಾವಿಬ್ಬರು ಮೇಲಿನಿಂದ ನೋಡಿದ್ದೇನು? ಯಾರೋ ಪರಕೀಯಳು ಎನ್ನೋಣವೆಂದರೆ ಕುಬಸದ ಮಾತು ಅವಳಿಗೆ ಹೇಗೆ ತಿಳಿಯಿತು? ನಾನೇ ಎನ್ನೋಣವೆಂದರೆ ನನಗೆ ನಾಲ್ಕೆಳೆಯ ಹೆರಳು ಬರುವುದಿಲ್ಲ. ಆಮೇಲೆ ಒಮ್ಮೆ ದಾರ ತೆಗೆದುಕೊಂಡು ಪ್ರಯತ್ನಿಸಿಯೂ ನೋಡಿದೆ. ಬರಲಿಲ್ಲ.

ಹೋದ ವರ್ಷ ಲ್ಯಾಬಿಗೆ ರಜೆ ಹಾಕಿ, ಯಾರಿಗೂ ಹೇಳದೆ ಬಸ್ಸು ಹತ್ತಿ ಭೋರ್‌ಗೆ ಹೋದೆ. ಅದೇ ಮಾಳಿ ಗೇಟು ತೆಗೆದ. ಮಧ್ಯಾಹ್ನವೆಲ್ಲ ಆ ಕಟ್ಟೆಯ ಮೇಲೆ ಕೂತೆ. ಯಾರೂ ಬರಲಿಲ್ಲ. ಬಿಸಿಲು ಇಳಿದ ಮೇಲೆ ಮಾಳಿ ನೀರಿನ ಪೈಪು ಎಳೆಯುತ್ತ ಹತ್ತಿರ ಬಂದು, ಇವತ್ತು ತಾಯಿ ಬಂದಿಲ್ಲವೇ ಎಂದು ಮರಾಠಿಯಲ್ಲಿ ಕೇಳಿದ.

ಅವ್ವ ವಿಜಯಪುರದಲ್ಲಿದ್ದಾಳೆ, ನಾವು ಬಂದು ಕೆಲವು ವರ್ಷವೇ ಆಯಿತಲ್ಲ, ನಿಮಗೆ ಇನ್ನೂ ನೆನಪಿದೆಯೇ ಎಂದೆ.

ಅವನಿಗೆ ನನ್ನ ಮಾತು ಅರ್ಥವಾದಂತೆ ಕಾಣಲಿಲ್ಲ. ಹೋಗಲಿ ಎನ್ನುವಂತೆ ತಲೆಯಾಡಿಸಿ, ಇಲ್ಲ ಬಾಯಿಯವರೇ, ನೀವಿಬ್ಬರೂ ಮಳೆಗಾಲ ಮುಗಿದ ಮೇಲೂ ಬಂದಿದ್ದಿರಲ್ಲ, ಯಾವಾಗ ಬಂದರೂ ಇಲ್ಲೇ ಕೂಡುತ್ತೀರಿ ಎಂದ.

ನಾನು ಅಲ್ಲಿಂದಲೇ ಅವ್ವನಿಗೆ ಫೋನು ಮಾಡಿದೆ. ಎಲ್ಲಿದ್ದಿ ಎಂದು ಕೇಳಿದೆ. "ಎಲ್ಲಿ ಇರತೀನಿ? ಮನ್ಯಾಗ. ಶೇಂಗಾ ಹುರಿಯಾಕತ್ತೀನಿ" ಎಂದಳು. ಹಿಂದೆ ಬಾಣಲೆಯ ಸದ್ದು ಕೇಳಿಸುತ್ತಿತ್ತು.

ಮಾಳಿಗೆ ವಯಸ್ಸಾಗಿದೆ, ಬಂದವರಲ್ಲಿ ಒಬ್ಬರನ್ನು ಇನ್ನೊಬ್ಬರೆಂದು ತಿಳಿದಿರಬಹುದು. ಹಾಗೆಂದೇ ನನಗೆ ನಾನು ಹೇಳಿಕೊಂಡೆ. ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತು. ಗೇಟಿನವರೆಗೆ ಹೋದವಳು ತಿರುಗಿ ಬಂದು ಅವನನ್ನು ಕೇಳಿಯೇಬಿಟ್ಟೆ. ಅವರಿಬ್ಬರೂ ಇಲ್ಲಿ ಕೂತು ಏನು ಮಾತಾಡುತ್ತಾರೆ?

ಅವನು ಪೈಪನ್ನು ಸಂಪಿಗೆ ಮರದ ಬುಡಕ್ಕೆ ಬಿಟ್ಟ. ನಿಮ್ಮ ಭಾಷೆ ನನಗೆಲ್ಲಿ ತಿಳಿಯುತ್ತದೆ ಬಾಯಿಯವರೇ, ನಗುವುದು ಮಾತ್ರ ಕೇಳಿಸುತ್ತದೆ ಎಂದ.